ಮೇಕ್‌ಫೈಲಿನ ಮೈಗಳ್ಳತನ

ಹತ್ತು ವರ್ಷ ದಾಟಿದ ಯಾವ ಸಿ ಅಥವಾ ಸಿ++ ಪ್ರಾಜೆಕ್ಟಿನ ಮೇಕ್‌ಫೈಲನ್ನಾದರೂ ತೆರೆದು ನೋಡಿ. ಮೊದಲ ಪರದೆ ಮುಗಿಯುವುದರೊಳಗೆ ಸಿಫ್ಲ್ಯಾಗ್ಸ್ ಎಂಬ ಹೆಸರು, ಅದರ ಮುಂದೆ ಮುಗಿಯದ ಒಂದು ಸಾಲು. ಓ3 ಇದೆ, ಮಾರ್ಚ್-ನೇಟಿವ್ ಇದೆ, ಫಾಸ್ಟ್-ಮ್ಯಾತ್ ಇದೆ, ಎಚ್ಚರಿಕೆಗಳ ಬಾಯಿ ಮುಚ್ಚಿಸುವ ಏಳೆಂಟು ಆಪ್ಷನ್‌ಗಳಿವೆ, ಯಾವುದೋ ಕಾಲದ ಪೆಂಟಿಯಮ್ಮಿಗೆ ಬೇಕಾಗಿದ್ದ ಒಂದೆರಡು ಪಳೆಯುಳಿಕೆಗಳೂ ಇವೆ. ಒಂದೊಂದರ ಮೇಲೂ ಬೆರಳಿಟ್ಟು ಇದು ಯಾಕೆ ಇಲ್ಲಿದೆ ಎಂದು ಕೇಳಿದರೆ ಇಡೀ ತಂಡ ಮುಖ ಮುಖ ನೋಡಿಕೊಳ್ಳುತ್ತದೆ. ‘ಮೊದಲಿಂದಲೂ ಇತ್ತು ಸಾರ್’ ಎಂಬುದೇ ಉತ್ತರ. ಅಪ್ಪ ನೆಟ್ಟ ಆಲದ ಮರ ಎಂದು ಅದಕ್ಕೇ ನೇಣು ಹಾಕಿಕೊಳ್ಳುವವರ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಇಲ್ಲಿ ಒಂದೇ ವ್ಯತ್ಯಾಸ: ಕುಣಿಕೆ ಬೀಳುವುದು ನಮ್ಮ ಕೊರಳಿಗಲ್ಲ, ನಮ್ಮ ಸಾಫ್ಟ್‌ವೇರನ್ನು ನಂಬಿ ಓಡಿಸುವ ಬೇರೆ ಯಾರದೋ ಕೊರಳಿಗೆ.

ಈ ಸೋಮಾರಿತನ ಇಷ್ಟು ವರ್ಷ ಬದುಕಿದ್ದು ನಮ್ಮ ಜಾಣತನದಿಂದಲ್ಲ. ಬರೆಯುವ ಯಂತ್ರ, ಬಿಲ್ಡ್ ಮಾಡುವ ಯಂತ್ರ, ಓಡಿಸುವ ಯಂತ್ರ ಮೂರೂ ಎಕ್ಸ್86 ಆಗಿದ್ದವು. ತಪ್ಪು ಮಾಡಿದರೂ ಎಲ್ಲ ಕಡೆ ಒಂದೇ ಥರ ತಪ್ಪಾಗುತ್ತಿತ್ತು, ಅಷ್ಟೆ. ಈಗ ಮೇಜಿನ ಮೇಲೆ ಆಪಲ್‌ನ ಎಂ ಸರಣಿಯ ಲ್ಯಾಪ್‌ಟಾಪು, ಕ್ಲೌಡಿನಲ್ಲಿ ಅಮೆಜಾನಿನ ಗ್ರಾವಿಟಾನ್, ಗ್ರಾಹಕನ ಆಫೀಸಿನಲ್ಲಿ ಹಳೆಯ ಇಂಟೆಲ್, ಹೊಲದ ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಕಾರ್ಟೆಕ್ಸ್-ಎಂ, ಪ್ರಯೋಗಾಲಯದಲ್ಲಿ ರಿಸ್ಕ್-ಫೈವ್ ಬೋರ್ಡು. ಒಂದೇ ಕೋಡು ಈ ಐದೂ ಕಡೆ ಹೋಗಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಕೂತಾಗಿನಿಂದ ಚಿಪ್ ವಿನ್ಯಾಸದ ಊರು ಎಂದು ಎದೆ ತಟ್ಟಿಕೊಳ್ಳುವ ಬೆಂಗಳೂರಿನಲ್ಲಿ ಕೂತು, ಚಿಪ್ಪಿನ ಹೆಸರು ಬದಲಾದ ಕೂಡಲೇ ‘ಅದು ಆರ್ಮ್‌ನ ಪ್ರಾಬ್ಲಂ’ ಎಂದು ಟಿಕೆಟ್ ಮುಚ್ಚುವುದು ನಾಚಿಕೆಗೇಡು.

ಮೊದಲ ಭ್ರಮೆ, ಒಂದೇ ಕಾಗುಣಿತದ ಆಪ್ಷನ್‌ಗೆ ಎಲ್ಲ ಕಡೆ ಒಂದೇ ಅರ್ಥ ಎಂಬುದು. ಜಿಸಿಸಿಯ ಕೈಪಿಡಿ ಓದಿದವರಿಗೆ ಗೊತ್ತು: ಎಕ್ಸ್86ರಲ್ಲಿ ‘-ಮಾರ್ಚ್’ ಯಾವ ಇನ್‌ಸ್ಟ್ರಕ್ಷನ್ ಬಳಸಬಹುದು ಎಂದು ಹೇಳುತ್ತದೆ, ‘-ಎಂಟ್ಯೂನ್’ ಯಾವ ಚಿಪ್ಪಿಗೆ ಹದ ಮಾಡಬೇಕು ಎಂದು ಹೇಳುತ್ತದೆ, ‘-ಎಂಸಿಪಿಯು’ ಎನ್ನುವುದು ಎಂಟ್ಯೂನ್‌ನ ಹಳತಾದ, ಕೈಬಿಡಬೇಕಾದ ಅಡ್ಡಹೆಸರು. 64 ಬಿಟ್ ಆರ್ಮ್‌ಗೆ ಬನ್ನಿ: ಅದೇ ‘-ಎಂಸಿಪಿಯು’ ಇನ್‌ಸ್ಟ್ರಕ್ಷನ್ನನ್ನೂ ಹದವನ್ನೂ ಒಟ್ಟಿಗೇ ತೀರ್ಮಾನಿಸುತ್ತದೆ. ಪವರ್ ಚಿಪ್ಪುಗಳಲ್ಲಿ ಇನ್‌ಸ್ಟ್ರಕ್ಷನ್ ಗುಂಪನ್ನು ಆರಿಸುವುದೇ ಎಂಸಿಪಿಯು. ರಿಸ್ಕ್-ಫೈವ್‌ನಲ್ಲಿ ಮಾರ್ಚ್‌ಗೆ ಚಿಪ್ಪಿನ ಹೆಸರಿನ ಬದಲು ‘ಆರ್‌ವಿ64ಜಿಸಿ’ ಎಂಬಂಥ ಅಕ್ಷರಮಾಲೆ ಕೊಡಬೇಕು, ಜೊತೆಗೆ ‘-ಎಂಎಬಿಐ’ ಬೇರೆ. ಒಂದು ವಾಸ್ತುವಿನಲ್ಲಿ (ಆರ್ಕಿಟೆಕ್ಚರಿನಲ್ಲಿ) ಬರೀ ಸಲಹೆಯಾಗಿದ್ದದ್ದು ಇನ್ನೊಂದರಲ್ಲಿ ಅಪ್ಪಣೆ. ಇದನ್ನು ತಿಳಿಯದೆ ಎಕ್ಸ್86 ಸಾಲನ್ನು ಕಾಪಿ ಮಾಡಿ ಚಿಪ್ಪಿನ ಹೆಸರು ಮಾತ್ರ ತಿದ್ದುವವರು ಪೋರ್ಟಿಂಗ್ ಮಾಡುತ್ತಿಲ್ಲ, ಲಾಟರಿ ಆಡುತ್ತಿದ್ದಾರೆ.

ಇನ್ನು ಮಾರ್ಚ್-ನೇಟಿವ್. ಇದರ ಅರ್ಥ ‘ಈಗ ನಾನು ಕೂತಿರುವ ಯಂತ್ರ ಏನೇನು ಬಲ್ಲದೋ ಅದೆಲ್ಲ ಬಳಸು’ ಎಂದು. ನಿಮ್ಮ ಮನೆಯ ಯಂತ್ರದಲ್ಲಿ, ನಿಮಗಾಗಿ ಮಾತ್ರ ಬಿಲ್ಡ್ ಮಾಡುವಾಗ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಂಚುವ ಬೈನರಿಗೆ ಅದನ್ನು ಹಾಕುವುದೆಂದರೆ, ಯಾರ ಯಂತ್ರದಲ್ಲಿ ಏನಿರಬೇಕು ಎಂಬ ತೀರ್ಮಾನವನ್ನು ಕ್ಲೌಡ್ ಕಂಪನಿ ಅಂದು ಯಾವ ಸರ್ವರ್ ಬಾಡಿಗೆಗೆ ಕೊಟ್ಟಿತೋ ಅದರ ಕೈಗೆ ಕೊಟ್ಟು ಕೈ ತೊಳೆದುಕೊಂಡಂತೆ. ಅಂದಿನ ಸರ್ವರಿನಲ್ಲಿ ಎವಿಎಕ್ಸ್-512 ಇತ್ತು, ಕೋಡಿನೊಳಗೆ ಅದು ಸೇರಿಕೊಂಡಿತು, ಗ್ರಾಹಕನ ಯಂತ್ರದಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಪ್ರೋಗ್ರಾಮು ಸತ್ತಿತು. ಆಗ ತಂಡದ ಮೊದಲ ಪ್ರತಿಕ್ರಿಯೆ ಏನು ಗೊತ್ತೆ? ‘ಅವರ ಯಂತ್ರ ಹಳೆಯದು.’

ಹಳೆಯದೇ ಆಗಬೇಕಾಗಿಲ್ಲ. ಹೊಸ ಚಿಪ್ಪು ಎಂದರೆ ಹಳೆಯದರ ಎಲ್ಲವೂ ಇದ್ದು ಇನ್ನಷ್ಟು ಸೇರಿದ್ದು ಎಂಬ ನಂಬಿಕೆಯೂ ಸುಳ್ಳು. ಇಂಟೆಲ್‌ನ 11ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಎವಿಎಕ್ಸ್-512 ಇತ್ತು. 2021ರಲ್ಲಿ ಬಂದ 12ನೇ ತಲೆಮಾರಿನಲ್ಲಿ ಸಣ್ಣ ಕೋರುಗಳಿಗೆ ಅದು ಬರುತ್ತಿರಲಿಲ್ಲವಾದ್ದರಿಂದ ಇಂಟೆಲ್ ಅದನ್ನು ಇಡಿಯಾಗಿ ಮುಚ್ಚಿತು. ಆರ್ಮ್ ಕಡೆಯೂ ಹೀಗೆಯೇ. ‘ಆರ್ಮ್‌ವಿ8 ಅಂದಮೇಲೆ ಎಇಎಸ್ ಇನ್‌ಸ್ಟ್ರಕ್ಷನ್ ಇದ್ದೇ ಇರುತ್ತದೆ’ ಎಂದು ಕ್ರಿಪ್ಟೊ ವಿಸ್ತರಣೆಯನ್ನು ಆನ್ ಮಾಡಿಟ್ಟವರ ಪ್ರೋಗ್ರಾಮು ರಾಸ್ಪ್‌ಬೆರಿ ಪೈ 4ರಲ್ಲಿ ಬಿದ್ದುಹೋಗುತ್ತದೆ. ಅದರ ಕಾರ್ಟೆಕ್ಸ್-ಎ72 ಕೋರಿನಲ್ಲಿ ಆ ವಿಸ್ತರಣೆ ಹಾಕಿಲ್ಲ. ಪೈ 5ರಲ್ಲಿ ಇದೆ. ವಿಸ್ತರಣೆ ಎಂದರೆ ಐಚ್ಛಿಕ ಎಂದೇ ಆರ್ಮ್ ಕಂಪನಿ ಬರೆದಿಟ್ಟಿದೆ. ಓದುವ ವ್ಯವಧಾನ ಇಲ್ಲದಿದ್ದದ್ದು ನಮಗೆ.

ಇಲ್ಲಿಯವರೆಗೆ ಹೇಳಿದ್ದು ಸದ್ದು ಮಾಡಿ ಸಾಯುವ ತಪ್ಪುಗಳು. ಅವು ಒಂದು ಲೆಕ್ಕಕ್ಕೆ ಪುಣ್ಯ. ಸದ್ದಿಲ್ಲದೆ ಬೇರೆ ಉತ್ತರ ಕೊಡುವ ತಪ್ಪುಗಳ ಕಡೆ ಬನ್ನಿ.

ಸಿ ಭಾಷೆಯ ‘ಚಾರ್’ ಋಣ ಸಂಖ್ಯೆಯನ್ನು ಹಿಡಿಯುತ್ತದೋ ಇಲ್ಲವೋ ಎಂಬುದನ್ನು ಭಾಷೆ ತೀರ್ಮಾನಿಸಿಲ್ಲ. ಎಕ್ಸ್86 ಲಿನಕ್ಸಿನಲ್ಲಿ ಹಿಡಿಯುತ್ತದೆ. ಆರ್ಮ್ ಲಿನಕ್ಸಿನಲ್ಲಿ, ಪವರ್‌ನಲ್ಲಿ, ರಿಸ್ಕ್-ಫೈವ್‌ನಲ್ಲಿ ಹಿಡಿಯುವುದಿಲ್ಲ. ಆಪಲ್‌ನ ಆರ್ಮ್‌ನಲ್ಲಿ ಮತ್ತೆ ಹಿಡಿಯುತ್ತದೆ! ಅಂದರೆ ‘ಆರ್ಮ್‌ನಲ್ಲಿ ಹೇಗೆ?’ ಎಂಬ ಪ್ರಶ್ನೆಯೇ ಅರ್ಧಂಬರ್ಧ. ಗೆಟ್‌ಚಾರ್ ಕೊಟ್ಟದ್ದನ್ನು ಚಾರ್‌ನಲ್ಲಿ ತುಂಬಿಕೊಂಡು ಇಒಎಫ್ ಜೊತೆ ಹೋಲಿಸುವ ಕಾಲೇಜು ದಿನಗಳ ಲೂಪು ಎಕ್ಸ್86ರಲ್ಲಿ ಹೇಗೋ ನಿಲ್ಲುತ್ತದೆ. ಆರ್ಮ್ ಲಿನಕ್ಸಿನಲ್ಲಿ ಮೈನಸ್ ಒಂದು 255 ಆಗಿ ಕೂತು, ಹೋಲಿಕೆ ಎಂದೂ ನಿಜವಾಗದೆ, ಲೂಪು ಕೊನೆಯಿಲ್ಲದೆ ಸುತ್ತುತ್ತದೆ. ಮ್ಯಾಕ್‌ಬುಕ್ಕಿನ ಆರ್ಮ್‌ನಲ್ಲಿ ಪರೀಕ್ಷೆ ಮಾಡಿ, ಗ್ರಾವಿಟಾನಿಗೆ ಕಳಿಸಿ, ‘ಆರ್ಮ್‌ನಲ್ಲಿ ಟೆಸ್ಟ್ ಆಗಿದೆ’ ಎಂದು ಬರೆಯುವವರು ಇದ್ದಾರೆ. ಸುಳ್ಳು ಹೇಳುತ್ತಿಲ್ಲ ಪಾಪ, ಆದರೆ ನಿಜವನ್ನೂ ಹೇಳುತ್ತಿಲ್ಲ.

ಲಿನಕ್ಸ್ ಕರ್ನಲ್ ತಂಡ ಇದಕ್ಕೆ ಏನು ಮಾಡಿತು ನೋಡಿ. ಮೂವತ್ತು ವರ್ಷದ ಕೋಡು, ಹತ್ತಾರು ವಾಸ್ತುಗಳು. 2022ರಲ್ಲಿ ಜೇಸನ್ ಡೊನೆನ್‌ಫೆಲ್ಡ್ ಎಂಬ ಡೆವಲಪರ್ ಒಂದು ಪ್ಯಾಚ್ ಬರೆದರು: ಎಲ್ಲ ವಾಸ್ತುಗಳಿಗೂ ‘-ಎಫ್‌ಅನ್‌ಸೈನ್ಡ್-ಚಾರ್’. 2023ರ ಫೆಬ್ರವರಿಯಲ್ಲಿ ಬಂದ 6.2ನೇ ಆವೃತ್ತಿಯಿಂದ ಕರ್ನಲ್ಲಿನೊಳಗೆ ಚಾರ್‌ಗೆ ಒಂದೇ ಅರ್ಥ. ಎಕ್ಸ್86ರಲ್ಲಿ ಇದು ಹಳೆಯ ನಡವಳಿಕೆಯನ್ನು ಮುರಿಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೈನಸ್ ಒಂದನ್ನು ಚಾರ್‌ನಲ್ಲಿ ಇಟ್ಟುಕೊಂಡಿದ್ದ ಡ್ರೈವರುಗಳನ್ನು ಹುಡುಕಿ ತಿದ್ದುವ ಕೆಲಸವೂ ಅದರ ಜೊತೆಗೇ ನಡೆಯಿತು. ಮೇಕ್‌ಫೈಲಿನಲ್ಲಿ ಒಂದು ಪದ ಸೇರಿಸಲು ಅಷ್ಟು ಓದು, ಅಷ್ಟು ಚರ್ಚೆ. ನಮ್ಮಲ್ಲಿ ಅದೇ ಪದವನ್ನು ಶುಕ್ರವಾರ ಸಂಜೆ ‘ಬಿಲ್ಡ್ ಫಿಕ್ಸ್’ ಎಂಬ ಎರಡು ಪದದ ವಿವರಣೆಯೊಂದಿಗೆ ಒಳಗೆ ತಳ್ಳುತ್ತಾರೆ, ಅದನ್ನು ಇನ್ನೊಬ್ಬರು ನೋಡದೆಯೇ ಅಪ್ರೂವ್ ಮಾಡುತ್ತಾರೆ.

ದಶಮಾಂಶ ಲೆಕ್ಕದ ವಿಷಯದಲ್ಲಂತೂ ನಮ್ಮ ಅಸಡ್ಡೆಗೆ ಮಿತಿಯೇ ಇಲ್ಲ. ‘ಫ್ಲೋಟಿಂಗ್ ಪಾಯಿಂಟ್ ಅಂದರೆ ಸ್ವಲ್ಪ ಆಚೀಚೆ ಇದ್ದೇ ಇರುತ್ತೆ’ ಎಂದು ಹೇಳಿ ಮುಂದೆ ಹೋಗುವವರೇ ಹೆಚ್ಚು. ಸ್ವಲ್ಪ ಆಚೀಚೆ ಯಾಕೆ ಆಗುತ್ತದೆ, ಯಾರು ಮಾಡುತ್ತಾರೆ ಎಂದು ಕೇಳಿದರೆ ಗೊತ್ತಿಲ್ಲ. ಎಷ್ಟೋ ಸಲ ಅದನ್ನು ಮಾಡುವುದು ಎಫ್‌ಎಂಎ: ಗುಣಾಕಾರ ಮಾಡಿ ಕೂಡುವುದನ್ನು ಒಂದೇ ಇನ್‌ಸ್ಟ್ರಕ್ಷನ್ನಿನಲ್ಲಿ, ಒಂದೇ ಸಲ ದುಂಡಾಗಿಸಿ ಮುಗಿಸುವುದು. ಬಿಡಿಬಿಡಿಯಾಗಿ ಮಾಡಿದರೆ ಎರಡು ಸಲ ದುಂಡಾಗುತ್ತದೆ. ಆದ್ದರಿಂದ ಉತ್ತರದ ಕೊನೆಯ ಬಿಟ್ಟುಗಳು ಬೇರೆ. 64 ಬಿಟ್ ಆರ್ಮ್‌ನಲ್ಲಿ ಎಫ್‌ಎಂಎ ಮೂಲದಲ್ಲೇ ಇದೆ. ಎಕ್ಸ್86-64ರ ಮೂಲ ಮಟ್ಟದಲ್ಲಿ ಇಲ್ಲ. ಇಂಟೆಲ್‌ನಲ್ಲಿ ಅದು ಬಂದದ್ದು 2013ರ ಹ್ಯಾಸ್ವೆಲ್ ಜೊತೆ. ಜಿಸಿಸಿ ತನ್ನ ಸಹಜ ಸ್ಥಿತಿಯಲ್ಲಿ ಎಫ್‌ಎಂಎ ಮಾಡಲು ಸ್ವತಂತ್ರ. ಅಂದಮೇಲೆ ನೀವು ಎರಡೂ ಕಡೆ ಅಕ್ಷರಶಃ ಒಂದೇ ‘-ಓ2’ ಕೊಟ್ಟಿದ್ದೀರಿ, ಒಂದು ಕಡೆ ಎಫ್‌ಎಂಎ ಆಗಿದೆ, ಇನ್ನೊಂದು ಕಡೆ ಆಗಿಲ್ಲ. ಫ್ಲ್ಯಾಗುಗಳು ಒಂದೇ ಎಂದು ಡಿಫ್ ತೋರಿಸುತ್ತದೆ. ಉತ್ತರ ಒಂದೇ ಅಲ್ಲ.

ಕೊನೆಯ ಬಿಟ್ಟು ತಾನೆ, ಹೋಗಲಿ ಎನ್ನುವವರು ಈ ಲೆಕ್ಕ ನೋಡಲಿ. ಎಕ್ಸ್ ವರ್ಗದಿಂದ ವೈ ವರ್ಗ ಕಳೆಯಬೇಕು, ಎಕ್ಸ್ ಮತ್ತು ವೈ ಎರಡೂ ಒಂದೇ ಸಂಖ್ಯೆ. ಶಾಲೆಯ ಮಗು ಸೊನ್ನೆ ಎನ್ನುತ್ತದೆ. ಎಫ್‌ಎಂಎ ಬಂದಾಗ ಒಂದು ವರ್ಗ ದುಂಡಾಗಿರುತ್ತದೆ, ಇನ್ನೊಂದು ನಿಖರವಾಗಿಯೇ ಉಳಿದಿರುತ್ತದೆ. ಕಳೆದರೆ ಸಿಕ್ಕುವುದು ದುಂಡಾಗಿಸಿದಾಗಿನ ಚೂರು. ಅದು ಋಣವಾದರೆ, ಅದರ ವರ್ಗಮೂಲ ತೆಗೆಯಹೊರಟರೆ, ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲದ ಉತ್ತರ. ಆ ನ್ಯಾನ್ ಮುಂದಿನ ಎಲ್ಲ ಲೆಕ್ಕಕ್ಕೂ ಹರಡುತ್ತದೆ. ಸಂವೇದಕದ ಓದುಗಳನ್ನು ಸರಾಸರಿ ಮಾಡುವ ಕೋಡಿನಲ್ಲಿ, ಸಾಲದ ಬಡ್ಡಿ ಲೆಕ್ಕ ಹಾಕುವ ಕೋಡಿನಲ್ಲಿ, ಇದನ್ನು ‘ಸ್ವಲ್ಪ ಆಚೀಚೆ’ ಎಂದು ಕರೆಯುವ ಧೈರ್ಯ ಯಾರಿಗಿದೆ?

ಈ ಗುಂಡಿಗೆ ಇನ್ನೂ ಆಳವಿದೆ. ‘-ಎಸ್‌ಟಿಡಿ=ಗ್ನೂ11’ ಎಂದಿದ್ದುದನ್ನು ಶಿಸ್ತಿಗೆ ಒಳ್ಳೆಯದೆಂದು ‘-ಎಸ್‌ಟಿಡಿ=ಸಿ11’ ಮಾಡಿದಿರೆನ್ನಿ; ಸಿ ಕೋಡಿಗೆ ಜಿಸಿಸಿ ಎಫ್‌ಎಂಎ ಜೋಡಣೆಯನ್ನು ತಾನಾಗಿ ನಿಲ್ಲಿಸುತ್ತದೆ. ಭಾಷೆಯ ಆವೃತ್ತಿ ಆರಿಸುವ ಆಪ್ಷನ್ನು ಲೆಕ್ಕದ ಉತ್ತರ ಬದಲಿಸಿತು. ಇನ್ನೊಂದು ಕಂಪೈಲರಾದ ಕ್ಲ್ಯಾಂಗ್ 2022ರ 14ನೇ ಆವೃತ್ತಿಯಲ್ಲಿ ತನ್ನ ಸಹಜ ಸ್ಥಿತಿಯನ್ನು ಬದಲಿಸಿ, ಒಂದೇ ವಾಕ್ಯದೊಳಗೆ ಬರುವ ಗುಣಾಕಾರ-ಸಂಕಲನಗಳನ್ನು ಜೋಡಿಸಲು ಶುರುಮಾಡಿತು. ಕಂಪೈಲರನ್ನು ಅಪ್‌ಗ್ರೇಡ್ ಮಾಡಿದವರಿಗೆ ಆರ್ಮ್‌ನಲ್ಲಿ ಮಾತ್ರ ಟೆಸ್ಟುಗಳು ಕೆಂಪಾದವು. ಇಂಟೆಲ್‌ನ ಹಳೆಯ ಕಂಪೈಲರಿಗೆ ಕೇಳದೆಯೇ ವೇಗದ ಲೆಕ್ಕವೇ ಸಹಜ ಸ್ಥಿತಿ. ಎನ್ವಿಡಿಯಾದ ಎನ್‌ವಿಸಿಸಿ ಗುಣಾಕಾರ-ಸಂಕಲನ ಜೋಡಣೆಯನ್ನು ಕೇಳದೆಯೇ ಆನ್ ಇಟ್ಟಿರುತ್ತದೆ, ಸಿಪಿಯುವಿನ ಉತ್ತರಕ್ಕೂ ಜಿಪಿಯುವಿನ ಉತ್ತರಕ್ಕೂ ತಾಳೆಯಾಗದೆ ಎಷ್ಟೋ ಜನ ರಾತ್ರಿ ಕಳೆದಿದ್ದಾರೆ. ಇನ್ನು 32 ಬಿಟ್ ಎಕ್ಸ್86ರ ಹಳೆಯ ಎಕ್ಸ್87 ಘಟಕ ಎಲ್ಲವನ್ನೂ 80 ಬಿಟ್ಟಿನಲ್ಲಿ ಇಟ್ಟುಕೊಂಡು, ಮೆಮೊರಿಗೆ ಬರೆಯುವಾಗ ಮಾತ್ರ ಕತ್ತರಿಸುತ್ತಿದ್ದ ಕಥೆ ಜಿಸಿಸಿಯ ಬಗ್ ಪಟ್ಟಿಯಲ್ಲಿ 323ನೇ ಸಂಖ್ಯೆಯಾಗಿ 2000ದಿಂದ ಇದೆ. ಕಂಪೈಲರಿನದೇ ತಪ್ಪು ಎಂದು ಮತ್ತೆ ಮತ್ತೆ ಅದೇ ದೂರನ್ನು ತಂದು ಸುರಿದವರ ಸಾಲು ಅಲ್ಲಿ ನೋಡಬಹುದು. ಕುಣಿಯಲಾರದವಳಿಗೆ ನೆಲ ಡೊಂಕು.

ಮದ್ದು ಏನು? ಒಂದೇ ಆಪ್ಷನ್: ‘-ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್’ ಎಷ್ಟಿರಬೇಕು ಎಂದು ಬಾಯಿಬಿಟ್ಟು ಬರೆಯುವುದು. ಆಫ್ ಬೇಕೋ ಆನ್ ಬೇಕೋ, ನಿಮ್ಮ ಲೆಕ್ಕ ನೋಡಿ ನೀವು ತೀರ್ಮಾನಿಸಿ. ಆದರೆ ಬರೆಯಿರಿ. ಬರೆಯದೆ ಬಿಟ್ಟ ಆಪ್ಷನ್ನೂ ಒಂದು ಆಯ್ಕೆಯೇ. ಅದನ್ನು ನಿಮಗಾಗಿ ಬೇರೆ ಯಾರೋ ಮಾಡಿರುತ್ತಾರೆ, ಟಾರ್ಗೆಟ್ಟಿಗೊಂದು ಥರ ಮಾಡಿರುತ್ತಾರೆ.

ಫಾಸ್ಟ್-ಮ್ಯಾತ್ ಹಾಕಿಕೊಳ್ಳುವವರ ಬಗ್ಗೆ ನನಗೆ ತಾಳ್ಮೆ ಇಲ್ಲ. ನ್ಯಾನ್ ಎಂಬುದೇ ಬರುವುದಿಲ್ಲ ಎಂದು ಕಂಪೈಲರಿಗೆ ಆಣೆ ಮಾಡಿಕೊಟ್ಟು, ನಂತರ ಅದೇ ಕೋಡಿನಲ್ಲಿ ‘ಈಸ್‌ನ್ಯಾನ್’ ಎಂದು ಪರೀಕ್ಷೆ ಬರೆಯುತ್ತಾರೆ. ಕಂಪೈಲರ್ ಆ ಪರೀಕ್ಷೆಯನ್ನೇ ಅಳಿಸಿಹಾಕುತ್ತದೆ. ಅದಕ್ಕಿಂತ ಹೇಸಿಗೆಯ ಕಥೆ 2022ರಲ್ಲಿ ಹೊರಬಿತ್ತು. ಎಕ್ಸ್86 ಲಿನಕ್ಸಿನಲ್ಲಿ ಷೇರ್ಡ್ ಲೈಬ್ರರಿಯೊಂದನ್ನು ಫಾಸ್ಟ್-ಮ್ಯಾತ್ ಅಥವಾ ಓ-ಫಾಸ್ಟ್ ಜೊತೆ ಲಿಂಕ್ ಮಾಡಿದರೆ, ಆ ಲೈಬ್ರರಿ ಲೋಡಾಗುವಾಗ ಪ್ರೊಸೆಸರಿನ ನಿಯಂತ್ರಣ ರಿಜಿಸ್ಟರನ್ನೇ ತಿರುಚುವ ಒಂದು ಚೂರು ಕೋಡನ್ನು ಜಿಸಿಸಿ ಜೊತೆಗೆ ಸೇರಿಸುತ್ತಿತ್ತು. ಅತಿ ಸಣ್ಣ ಸಂಖ್ಯೆಗಳೆಲ್ಲ ಅಂದಿನಿಂದ ಸೊನ್ನೆ. ಆ ಲೈಬ್ರರಿಯಲ್ಲಿ ಮಾತ್ರವಲ್ಲ, ಅದನ್ನು ಲೋಡ್ ಮಾಡಿದ ಪ್ರೋಗ್ರಾಮಿನಲ್ಲೇ. ಪೈಥಾನ್ ಪ್ಯಾಕೇಜುಗಳನ್ನು ಜಾಲಾಡಿದಾಗ ಸಿಕ್ಕಿಬಿದ್ದವುಗಳಲ್ಲಿ ಜಿವೆಂಟ್ ಒಂದು. ಅದು ನೆಟ್‌ವರ್ಕ್ ಕೆಲಸದ ಲೈಬ್ರರಿ! ದಶಮಾಂಶಕ್ಕೂ ಅದಕ್ಕೂ ಏನು ಸಂಬಂಧ? ಸಂಬಂಧವಿಲ್ಲದಿದ್ದರೂ, ಅದನ್ನು ಇಂಪೋರ್ಟ್ ಮಾಡಿದವರ ವಿಜ್ಞಾನದ ಲೆಕ್ಕಗಳ ನಡವಳಿಕೆ ಬದಲಾಯಿತು. ಓ-ಫಾಸ್ಟ್ ಎಂಬ ಹೆಸರಿನಲ್ಲಿ ಫಾಸ್ಟ್ ಇದೆಯಲ್ಲ, ಹಾಕೋಣ ಎಂದು ಹಾಕಿದ್ದರ ಫಲ. 2023ರಲ್ಲಿ ಬಂದ ಜಿಸಿಸಿ 13 ಷೇರ್ಡ್ ಲೈಬ್ರರಿಗಳಿಗೆ ಈ ಚೂರನ್ನು ಸೇರಿಸುವುದನ್ನು ಬಿಟ್ಟಿತು. ನಿಮ್ಮ ಬಿಲ್ಡ್ ಸರ್ವರಿನಲ್ಲಿ ಯಾವ ಜಿಸಿಸಿ ಇದೆ?

‘ನಾವು ಹಾಗೆ ಮಾಡುವುದಿಲ್ಲ, ವೇಗ ಬೇಕಾದ ಒಂದು ಫೈಲಿಗೆ ಮಾತ್ರ ಎವಿಎಕ್ಸ್2 ಕೊಟ್ಟಿದ್ದೇವೆ, ಓಡುವಾಗ ಸಿಪಿಯು ಪರೀಕ್ಷಿಸಿ ಆಮೇಲೆ ಕರೆಯುತ್ತೇವೆ’ ಎಂದು ಹೆಮ್ಮೆಯಿಂದ ಹೇಳುವವರೂ ಕೂತು ಕೇಳಬೇಕು. ಆ ಫೈಲು ಹೆಡರುಗಳನ್ನು ಸೇರಿಸಿಕೊಂಡಿದೆಯಲ್ಲ? ಹೆಡರಿನಲ್ಲಿ ಒಂದು ಇನ್‌ಲೈನ್ ಫಂಕ್ಷನ್ ಇದೆ, ಅದನ್ನು ಬೇರೆ ಫೈಲುಗಳೂ ಬಳಸುತ್ತವೆ. ಕಂಪೈಲರ್ ಅದನ್ನು ಪ್ರತಿ ಫೈಲಿನಲ್ಲೂ ಒಂದೊಂದು ಪ್ರತಿಯಾಗಿ ಇಳಿಸಿದರೆ, ಲಿಂಕರ್ ಎಲ್ಲ ಪ್ರತಿಗಳೂ ಒಂದೇ ಎಂದು ನಂಬಿ ಯಾವುದೋ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ಉಳಿದದ್ದು ಎವಿಎಕ್ಸ್2 ಪ್ರತಿಯಾದರೆ? ನಿಮ್ಮ ಸಿಪಿಯು ಪರೀಕ್ಷೆ ನಡೆಯುವುದಕ್ಕೂ ಮೊದಲೇ, ಎವಿಎಕ್ಸ್2ಗೆ ಸಂಬಂಧವೇ ಇಲ್ಲದ ಜಾಗದಲ್ಲಿ, ಹಳೆಯ ಯಂತ್ರ ಕುಸಿಯುತ್ತದೆ. ಫೈಲುಗಳನ್ನು ಲಿಂಕ್ ಮಾಡುವ ಕ್ರಮ ಬದಲಾದರೆ ಬಗ್ಗು ಮಾಯ. ಇಂಥದನ್ನು ‘ಫ್ಲೇಕಿ’ ಎಂದು ಕರೆದು ಬದಿಗಿಡುವುದು ನಮ್ಮ ವೃತ್ತಿಯ ಅತಿ ದೊಡ್ಡ ಆತ್ಮವಂಚನೆ. ಹಾಗೆ ಬೇರೆ ಫ್ಲ್ಯಾಗ್ ಪಡೆಯುವ ಫೈಲು ಹೊರಗಿನ ಹೆಡರುಗಳನ್ನು ಮುಟ್ಟಬಾರದು, ಅಥವಾ ಜಿಸಿಸಿ ಕೊಡುವ ಟಾರ್ಗೆಟ್-ಕ್ಲೋನ್ಸ್‌ನಂಥ ಸೌಲಭ್ಯದಿಂದ ಫಂಕ್ಷನ್ ಮಟ್ಟದಲ್ಲೇ ಕೆಲಸ ಮುಗಿಸಬೇಕು.

ಭದ್ರತೆಯ ಫ್ಲ್ಯಾಗುಗಳಲ್ಲಿ ಈ ಅಸಡ್ಡೆ ಅಪರಾಧಕ್ಕೆ ಹತ್ತಿರ. ಎಕ್ಸ್86ರಲ್ಲಿ ನಿಯಂತ್ರಣ ಹರಿವಿನ ರಕ್ಷಣೆಗೆ ‘-ಎಫ್‌ಸಿಎಫ್-ಪ್ರೊಟೆಕ್ಷನ್’. 64 ಬಿಟ್ ಆರ್ಮ್‌ಗೆ ಅದೇ ಸಾಲು ಕೊಟ್ಟರೆ ಜಿಸಿಸಿ ಈ ಟಾರ್ಗೆಟ್ಟಿಗೆ ಇದಿಲ್ಲ ಎಂದು ಎರರ್ ಕೊಡುತ್ತದೆ. ಆಗ ನಮ್ಮ ವೀರರು ಏನು ಮಾಡುತ್ತಾರೆ? ‘ಕಂಪೈಲರ್ ಒಪ್ಪಿದರೆ ಮಾತ್ರ ಸೇರಿಸು’ ಎಂಬ ಪರೀಕ್ಷೆಯೊಳಗೆ ಅದನ್ನು ಸುತ್ತಿಡುತ್ತಾರೆ. ಎರರ್ ಹೋಯಿತು, ಬಿಲ್ಡ್ ಹಸಿರಾಯಿತು. ಆರ್ಮ್‌ನಲ್ಲಿ ಅದೇ ಉದ್ದೇಶಕ್ಕೆ ‘-ಎಂಬ್ರಾಂಚ್-ಪ್ರೊಟೆಕ್ಷನ್’ ಎಂಬ ಬೇರೆ ಆಪ್ಷನ್ ಇದೆ ಎಂದು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಎಕ್ಸ್86 ಗ್ರಾಹಕನಿಗೆ ಬೀಗ ಇದೆ, ಆರ್ಮ್ ಗ್ರಾಹಕನಿಗೆ ಬಾಗಿಲೇ ಇಲ್ಲ. ಬಿಡುಗಡೆಯ ಟಿಪ್ಪಣಿಯಲ್ಲಿ ಮಾತ್ರ ‘ಹಾರ್ಡನಿಂಗ್ ಎನೇಬಲ್ಡ್’.

ಹಾಕಿದರೂ ಸಾಲದು. ಎಂಬ್ರಾಂಚ್-ಪ್ರೊಟೆಕ್ಷನ್ ಹಚ್ಚುವ ಬಿಟಿಐ ಎಂಬ ಗುರುತು ಇಡೀ ಬೈನರಿಗೆ ಸಿಗಬೇಕಾದರೆ ಅದರೊಳಗೆ ಸೇರುವ ಪ್ರತಿಯೊಂದು ಆಬ್ಜೆಕ್ಟ್ ಫೈಲಿನಲ್ಲೂ ಆ ಗುರುತು ಇರಬೇಕು. ಕೈಯಿಂದ ಬರೆದ ಒಂದು ಅಸೆಂಬ್ಲಿ ಫೈಲಿನಲ್ಲಿ ಗುರುತು ಬಿಟ್ಟುಹೋದರೆ ಲಿಂಕರ್ ತುಟಿಪಿಟಿಕ್ ಎನ್ನದೆ ಇಡೀ ಬೈನರಿಯ ರಕ್ಷಣೆಯನ್ನು ತೆಗೆದುಹಾಕುತ್ತದೆ. ‘-ಝಡ್ ಫೋರ್ಸ್-ಬಿಟಿಐ’ ಎಂದು ಲಿಂಕರಿಗೆ ಹೇಳಿದರೆ ಯಾವ ಫೈಲು ಎಂದು ಅದೇ ಎಚ್ಚರಿಸುತ್ತದೆ. ಹೇಳಬೇಕಲ್ಲ!

ಒಂದೇ ಹೆಸರಿನ ಫ್ಲ್ಯಾಗು, ಎರಡೂ ಕಡೆ ಒಪ್ಪಿಗೆಯಾಗುವ ಫ್ಲ್ಯಾಗು ಕೂಡ ಕೈಕೊಟ್ಟ ಉದಾಹರಣೆ ಇದೆ. ಸ್ಟ್ಯಾಕ್-ಪ್ರೊಟೆಕ್ಟರ್ ಎಲ್ಲರೂ ಬಳಸುವ, ಎಲ್ಲರೂ ನಂಬಿದ ಆಪ್ಷನ್. ಜಿಸಿಸಿಯ 64 ಬಿಟ್ ಆರ್ಮ್ ಭಾಗದಲ್ಲಿ, ಓಡುವಾಗ ಗಾತ್ರ ನಿರ್ಧಾರವಾಗುವ ಸ್ಥಳೀಯ ಅರೇಗಳು ಉಕ್ಕಿದರೆ ಈ ಕಾವಲು ಅದನ್ನು ಹಿಡಿಯುತ್ತಲೇ ಇರಲಿಲ್ಲ ಎಂಬುದು 2023ರ ಸೆಪ್ಟೆಂಬರಿನಲ್ಲಿ ಸಿವಿಇ-2023-4039 ಎಂದು ಪ್ರಕಟವಾಯಿತು. ಆರ್ಮ್‌ನಲ್ಲಿ ಜಿಸಿಸಿ ಸ್ಟ್ಯಾಕನ್ನು ಜೋಡಿಸುವ ಕ್ರಮ ಬೇರೆ; ಕಾವಲುಗಾರನನ್ನು ನಿಲ್ಲಿಸಿದ ಜಾಗದಿಂದ ಕಳ್ಳ ಬರುವ ದಾರಿ ಕಾಣುತ್ತಿರಲಿಲ್ಲ. ಇದು ಕಂಪೈಲರಿನದೇ ತಪ್ಪು, ಒಪ್ಪೋಣ. ಆದರೆ ‘ಫ್ಲ್ಯಾಗ್ ಹಾಕಿದ್ದೇವೆ’ ಎಂಬುದನ್ನೇ ‘ರಕ್ಷಣೆ ಇದೆ’ ಎಂದು ಓದಿಕೊಂಡು, ಆರ್ಮ್‌ನಲ್ಲಿ ಒಂದು ಬಫರನ್ನು ಬೇಕೆಂದೇ ಉಕ್ಕಿಸಿ ಪ್ರೋಗ್ರಾಮು ಸಾಯುತ್ತದೋ ಎಂದು ನೋಡದ ಅಷ್ಟೂ ತಂಡಗಳು ಯಾವ ಮುಖ ಇಟ್ಟುಕೊಂಡು ಕಂಪೈಲರನ್ನು ಬೈಯಬೇಕು?

ಆ ‘ಒಪ್ಪಿದರೆ ಸೇರಿಸು’ ಪರೀಕ್ಷೆಯ ಬಗ್ಗೆ ಇನ್ನೆರಡು ಮಾತು, ಏಕೆಂದರೆ ಎಲ್ಲರೂ ಅದನ್ನೇ ಶಿಸ್ತು ಎಂದುಕೊಂಡಿದ್ದಾರೆ. ಗೊತ್ತಿಲ್ಲದ ಎಚ್ಚರಿಕೆಯ ಹೆಸರು ಕೊಟ್ಟರೆ ಕ್ಲ್ಯಾಂಗ್ ಎರರ್ ಕೊಡುವುದಿಲ್ಲ, ಗೊಣಗಿ ಸುಮ್ಮನಾಗುತ್ತದೆ. ಗೊತ್ತಿಲ್ಲದ ‘-ಡಬ್ಲ್ಯೂನೋ’ ಆಪ್ಷನ್ ಕೊಟ್ಟರೆ ಜಿಸಿಸಿ ಬೇರೆ ಯಾವ ತಕರಾರೂ ಇಲ್ಲದಿದ್ದರೆ ಗೊಣಗುವುದೂ ಇಲ್ಲ. ನಿಮ್ಮ ಪರೀಕ್ಷೆ ಎರಡನ್ನೂ ‘ಒಪ್ಪಿಗೆ’ ಎಂದೇ ಓದುತ್ತದೆ. ಸಿಮೇಕ್ ಬಳಸುವವರದು ಇನ್ನೊಂದು ರೋಗ: ಪ್ರೊಸೆಸರಿನ ಹೆಸರು ‘ಎಆರ್ಚ್64’ ಆದರೆ ಇದು, ಇಲ್ಲದಿದ್ದರೆ ಅದು. ಲಿನಕ್ಸಿನಲ್ಲಿ ಆ ಹೆಸರು ಬರುತ್ತದೆ ನಿಜ. ಮ್ಯಾಕ್‌ನಲ್ಲಿ ಅದೇ ಚಿಪ್ಪಿಗೆ ‘ಆರ್ಮ್64’ ಎಂಬ ಹೆಸರು, ವಿಂಡೋಸಿನಲ್ಲಿ ಅದೇ ದೊಡ್ಡಕ್ಷರದಲ್ಲಿ. ಹೊಂದದ ಕಾರಣ ‘ಇಲ್ಲದಿದ್ದರೆ’ ಕವಲಿಗೆ ಬೀಳುತ್ತದೆ. ಆ ಕವಲಿನಲ್ಲಿ ಯಾವಾಗಲೂ ಕೂತಿರುವುದು ಎಕ್ಸ್86. ‘ಇಲ್ಲದಿದ್ದರೆ’ ಎಂಬಲ್ಲಿ ಬಿಲ್ಡನ್ನು ನಿಲ್ಲಿಸಿ ‘ಈ ಟಾರ್ಗೆಟ್ ನನಗೆ ಗೊತ್ತಿಲ್ಲ’ ಎಂದು ಹೇಳಿಸಲು ಒಂದು ಸಾಲು ಸಾಕು.

ರಿಸ್ಕ್-ಫೈವ್ ಈ ಊಹೆಗಳನ್ನೆಲ್ಲ ಬಯಲಿಗೆಳೆಯುತ್ತಿದೆ, ಅದಕ್ಕೇ ಅದನ್ನು ಕಂಡರೆ ಕೆಲವರಿಗೆ ಸಿಟ್ಟು. 2022ರಲ್ಲಿ ಬಂದ ಬಿನ್‌ಯುಟಿಲ್ಸ್ 2.38 ಹೊಸ ವಿನಿರ್ದೇಶವನ್ನು ಸಹಜ ಸ್ಥಿತಿಯಾಗಿ ಹಿಡಿದಾಗ, ಮೊದಲು ಮೂಲ ಗುಂಪಿನೊಳಗಿದ್ದ ಝಿಸಿಎಸ್ಆರ್ ಮತ್ತು ಝಿಫೆನ್ಸೈ ಎಂಬ ವಿಸ್ತರಣೆಗಳು ಬೇರೆಯಾಗಿ ನಿಂತವು. ಹೆಸರು ಹಿಡಿದು ಕೇಳದವರ ಬಿಲ್ಡ್ ಮುರಿಯಿತು, ಲಿನಕ್ಸ್ ಕರ್ನಲ್ಲಿನದೂ ಸೇರಿ. ಆಲ್‌ವಿನ್ನರ್ ಡಿ1 ಚಿಪ್ಪಿನಲ್ಲಿ ವೆಕ್ಟರ್ ಇದೆ, ಆದರೆ ಅದು 0.7.1 ಕರಡು, 2021ರಲ್ಲಿ ಅಂಗೀಕಾರವಾದ 1.0ಕ್ಕೆ ಹೊಂದುವುದಿಲ್ಲ. ನಮ್ಮದೇ ಸಿ-ಡಾಕ್ ಮಾಡಿದ ತೇಜಸ್32 ಚಿಪ್ಪು ಆರ್‌ವಿ32ಐಎಂ. ಅಂದರೆ ಸಂಕುಚಿತ ಇನ್‌ಸ್ಟ್ರಕ್ಷನ್ ಇಲ್ಲ, ದಶಮಾಂಶ ಘಟಕ ಇಲ್ಲ. ಇನ್ನೊಂದು ಬೋರ್ಡಿನ ‘ಆರ್‌ವಿ32ಐಎಂಎಸಿ’ ಸಾಲನ್ನು ಅದಕ್ಕೆ ಅಂಟಿಸಿ, ಬೋರ್ಡು ಕೆಟ್ಟಿದೆ ಎಂದು ವಾಪಸು ಕಳಿಸುವ ಮೊದಲು ಆ ನಾಲ್ಕು ಅಕ್ಷರಗಳನ್ನು ಓದಿ.

ಆರ್ಮ್‌ನ ಸಣ್ಣ ಚಿಪ್ಪುಗಳಲ್ಲೂ ಹೀಗೆಯೇ: ಕಾರ್ಟೆಕ್ಸ್-ಎಂ4ರ ದಶಮಾಂಶ ಘಟಕ ಬರೀ 32 ಬಿಟ್ಟಿನದು. ಎಂ7ರಲ್ಲಿ 64 ಬಿಟ್ ಇರಬಹುದು. ಎಫ್ ಅಕ್ಷರ ಹಚ್ಚದ 3.14 ಎಂಬ ಸಂಖ್ಯೆ ಅದಿರುವ ಎಂ7ರಲ್ಲಿ ಹಾರುತ್ತದೆ, ಎಂ4ರಲ್ಲಿ ಸಾಫ್ಟ್‌ವೇರ್ ಲೆಕ್ಕವಾಗಿ ತೆವಳುತ್ತದೆ. ‘-ಡಬ್ಲ್ಯೂಡಬಲ್-ಪ್ರಮೋಷನ್’ ಹಾಕಿದರೆ ಕಂಪೈಲರೇ ತೋರಿಸಿಕೊಡುತ್ತದೆ. ಇಷ್ಟು ಸಾಕು ಇದಕ್ಕೆ.

ಎಲ್ಲರೂ ಹೀಗಿಲ್ಲ. ಡೆಬಿಯನ್ ತಂಡ ಹಲವು ವಾಸ್ತುಗಳಿಗೆ ಸಾವಿರಾರು ಪ್ಯಾಕೇಜುಗಳನ್ನು ಕಟ್ಟುತ್ತದೆ. ಯಾವ ವಾಸ್ತುವಿಗೆ ಯಾವ ಫ್ಲ್ಯಾಗ್ ಎಂಬ ತೀರ್ಮಾನವೆಲ್ಲ ಡಿಪಿಕೆಜಿ-ಬಿಲ್ಡ್‌ಫ್ಲ್ಯಾಗ್ಸ್ ಎಂಬ ಒಂದೇ ಜಾಗದಲ್ಲಿದೆ. ಪ್ಯಾಕೇಜು ‘ಕವಲು ರಕ್ಷಣೆ ಬೇಕು’ ಎಂಬ ಉದ್ದೇಶ ಹೇಳುತ್ತದೆ. ಅದು ಎಕ್ಸ್86ರಲ್ಲಿ ಒಂದು ಆಪ್ಷನ್ನಾಗಿ, ಆರ್ಮ್‌ನಲ್ಲಿ ಇನ್ನೊಂದಾಗಿ ಹೊರಬರುತ್ತದೆ. ಬಿಲ್ಡ್ ಲಾಗ್ ಓದಿ ಯಾವ ಫೈಲಿಗೆ ಆ ಫ್ಲ್ಯಾಗ್ ತಪ್ಪಿಹೋಗಿದೆ ಎಂದು ಹೇಳಲು ಬಿಎಲ್ಎಚ್‌ಸಿ ಎಂಬ ಸಲಕರಣೆಯೇ ಇದೆ. ಕರ್ನಲ್ಲಿನಲ್ಲೂ ಹೀಗೆ ಆಯಿತು. ಎಎಂಡಿಯ ಗ್ರಾಫಿಕ್ಸ್ ಡ್ರೈವರಿನ ಪರದೆ ವಿಭಾಗಕ್ಕೆ ಕರ್ನಲ್ಲಿನೊಳಗೆ ದಶಮಾಂಶ ಲೆಕ್ಕ ಬೇಕು, ಮಾಮೂಲಿಯಾಗಿ ಕರ್ನಲ್ ಅದನ್ನು ನಿಷೇಧಿಸಿರುತ್ತದೆ. ಡ್ರೈವರಿನ ಮೇಕ್‌ಫೈಲೇ ಎಕ್ಸ್86 ಆದರೆ ಈ ಫ್ಲ್ಯಾಗು, ಪವರ್ ಆದರೆ ಆ ಫ್ಲ್ಯಾಗು, ಆರ್ಮ್ ಆದರೆ ಮತ್ತೊಂದು ಎಂದು ಸರಪಳಿ ಕಟ್ಟಿಕೊಂಡಿತ್ತು. ಹೊಸ ವಾಸ್ತು ಬಂದಾಗಲೆಲ್ಲ ಸರಪಳಿಗೆ ಒಂದು ಕೊಂಡಿ. 2024ರಲ್ಲಿ ಅದನ್ನು ಕಿತ್ತು ಹಾಕಿದರು. ದಶಮಾಂಶಕ್ಕೆ ಏನು ಬೇಕು ಎಂದು ಆಯಾ ವಾಸ್ತುವೇ ಒಂದು ಹೆಸರಿನಡಿ ಘೋಷಿಸುತ್ತದೆ, ಡ್ರೈವರು ಆ ಹೆಸರನ್ನಷ್ಟೇ ಬಳಸುತ್ತದೆ. ಡ್ರೈವರ್ ಬರೆಯುವವನಿಗೆ ಲೂಂಗ್ಆರ್ಚ್‌ನಂಥ ವಾಸ್ತುವಿನ ಒಳಗುಟ್ಟು ತಿಳಿದಿರಬೇಕಾಗಿಲ್ಲ, ತಿಳಿದವನು ಬರೆದಿಟ್ಟಿದ್ದಾನೆ.

ನಮ್ಮ ಕಂಪನಿಗಳಲ್ಲಿ ಬಿಲ್ಡ್ ಫೈಲು ಎಂದರೆ ಹೊಸದಾಗಿ ಸೇರಿದವನಿಗೆ ಎಸೆಯುವ ಕೆಲಸ. ಅವನು ಎಲ್ಲಿಂದಲೋ ಹುಡುಕಿ ಅಂಟಿಸುತ್ತಾನೆ, ಆರು ತಿಂಗಳಿಗೆ ಬೇರೆ ಕಡೆ ಹೋಗುತ್ತಾನೆ. ಮ್ಯಾನೇಜರುಗಳಿಗೆ ಅದು ಫೀಚರ್ ಅಲ್ಲ, ಹಾಗಾಗಿ ಸಮಯವಿಲ್ಲ. ಹತ್ತು ವರ್ಷ ಅನುಭವವಿರುವ ಸೀನಿಯರುಗಳಿಗೆ ಅದು ಘನತೆಗೆ ಕಡಿಮೆ. ಒಂದು ಫಂಕ್ಷನ್ನಿನ ಹೆಸರಿನ ಬಗ್ಗೆ ರಿವ್ಯೂನಲ್ಲಿ ಅರ್ಧ ದಿನ ಜಗಳವಾಡುವ ಇವರು, ಆ ಫಂಕ್ಷನ್ನಿನ ಪ್ರತಿ ಸಾಲಿನ ಅರ್ಥವನ್ನೇ ಬದಲಿಸಬಲ್ಲ ಫ್ಲ್ಯಾಗನ್ನು ಕಣ್ಣು ಹಾಯಿಸದೆ ಬಿಡುತ್ತಾರೆ.

ಕೆಲಸ ಶುರುಮಾಡಲು ಹೊಸ ಸಲಕರಣೆ ಏನೂ ಬೇಕಿಲ್ಲ. ಡಿಬಗ್ ಮಾಹಿತಿಯೊಂದಿಗೆ ಬಿಲ್ಡ್ ಮಾಡಿದರೆ, ಕೋಡಿನ ಹುಟ್ಟಿಗೆ ಸಂಬಂಧಿಸಿದ ಆಪ್ಷನ್‌ಗಳನ್ನು ಜಿಸಿಸಿ ತಾನಾಗಿಯೇ ಆಬ್ಜೆಕ್ಟ್ ಫೈಲಿನೊಳಗೆ, ಪ್ರೊಡ್ಯೂಸರ್ ಎಂಬ ಅಂಕಣದಲ್ಲಿ ಬರೆದಿಟ್ಟಿರುತ್ತದೆ. ರೀಡ್‌ಎಲ್ಫ್ ಅದನ್ನು ಓದಿ ತೋರಿಸುತ್ತದೆ. ಕಳೆದ ಬಿಡುಗಡೆಯ ಎಕ್ಸ್86 ಬೈನರಿಯಿಂದಲೂ ಆರ್ಮ್ ಬೈನರಿಯಿಂದಲೂ ಆ ಸಾಲುಗಳನ್ನು ತೆಗೆದು ಪಕ್ಕಪಕ್ಕ ಇಡಿ. ಜಿಸಿಸಿಗೆ ‘-ಕ್ಯೂ --ಹೆಲ್ಪ್=ಟಾರ್ಗೆಟ್’ ಎಂದು ಕೇಳಿ, ನೀವು ಬರೆಯದೆ ಬಿಟ್ಟದ್ದನ್ನು ಅದು ಎರಡೂ ಕಡೆ ಏನೆಂದು ತುಂಬಿಕೊಂಡಿದೆ ಎಂಬ ಪಟ್ಟಿಯನ್ನೂ ಪಕ್ಕದಲ್ಲಿಡಿ. ಕಾಣುವ ಪ್ರತಿ ವ್ಯತ್ಯಾಸಕ್ಕೂ ಒಬ್ಬರ ಹೆಸರು, ಒಂದು ಕಾರಣ, ಅದನ್ನು ಆ ಯಂತ್ರದ ಮೇಲೆಯೇ ಓಡಿಸಿ ಪರೀಕ್ಷಿಸಿದ ಒಂದು ದಾಖಲೆ ಬರೆಯಿರಿ. ಬರೆಯಲಾಗದ ಸಾಲು ಒಂದಿದ್ದರೂ ಮುಂದಿನ ಬಿಡುಗಡೆಯನ್ನು ಅಲ್ಲಿಗೇ ನಿಲ್ಲಿಸಿ.